ಅನುಬಂಧದಲ್ಲಿ ಮುನಿಯಪ್ಪ

ವಿಧಾನ ಪರಿಷತ್ತಿನಲ್ಲಿ ಯಾರಾದರೂ ಸದಸ್ಯರು ಲಿಖಿತ ಪ್ರಶ್ನೆ ಕೇಳಿದರೆ ಉತ್ತರ ಕೊಡುವವರು ಮಂತ್ರಿಗಳು ಅಂತ ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಉತ್ತರ ಕೊಡುವವಳು ನಾನು. ಹೆಸರು ನಸ್ರೀನ್. ಶಿವನಿ ಸ್ಟೇಷನ್ನಿನಿಂದ ನಾಲ್ಕು ಮೈಲಿ ಒಳಗಿರುವ ಒಂದು ಗ್ರಾಮ ಪಂಚಾಯಿತಿಯಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ದಿನಾ ತರೀಕೆರೆಯಿಂದ ಬಸ್ಸು ಬದಲಿಸಿ ಬದಲಿಸಿ ಬರುವವಳು. ಪ್ರಶ್ನೆ ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ವಾಟ್ಸಾಪಿನಲ್ಲಿ ನಮ್ಮ ತಲೆಯ ಮೇಲೆ ಇಳಿಯುತ್ತದೆ. 'ಅತಿ ತುರ್ತು, ಇಂದೇ, ಮೂರು ಗಂಟೆಯೊಳಗೆ.' ನಾನು ಕುಟ್ಟಿದ ಉತ್ತರ ಬಂದ ದಾರಿಯಲ್ಲೇ ಮೇಲೆ ಹತ್ತಿ ಮಂತ್ರಿಗಳ ಸಹಿ ಹಾಕಿಸಿಕೊಳ್ಳುತ್ತದೆ. ಮಧ್ಯದಲ್ಲಿ ಕೂತವರಲ್ಲಿ ಒಬ್ಬರಾದರೂ ಕುರ್ಚಿಯಿಂದ ಎದ್ದು ಹೋಗಿ ನೋಡುವುದಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ಬಂದ ಪ್ರಶ್ನೆ ಹೀಗಿತ್ತು. (ಅ) ಕಳೆದ ಮೂರು ವರ್ಷಗಳಲ್ಲಿ ಜಿಲ್ಲೆಯ ಗ್ರಾಮ ಪಂಚಾಯಿತಿಗಳಲ್ಲಿ ಕರ್ತವ್ಯದಲ್ಲಿದ್ದಾಗ ಮೃತಪಟ್ಟ ನೀರುಗಂಟಿಗಳ ಸಂಖ್ಯೆ ಎಷ್ಟು? (ಆ) ಹಾಗಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮವೇನು? (ಇ) ಪಂಪ್ ಹೌಸ್‌ಗಳ ವಿದ್ಯುತ್ ಸುರಕ್ಷತೆಯನ್ನು ಪರಿಶೀಲಿಸಲಾಗಿದೆಯೇ? ಸದ್ಯ ಕೆಲಸದಲ್ಲಿರುವ ನೀರುಗಂಟಿಗಳ ಪಟ್ಟಿಯನ್ನು ಅನುಬಂಧದಲ್ಲಿ ಒದಗಿಸುವುದು.

ಊರಿಗೆ ನೀರು ಬಿಡುತ್ತಿದ್ದ ನಮ್ಮ ನೀರುಗಂಟಿ ಮುನಿಯಪ್ಪ ಹೋದ ಶ್ರಾವಣದಲ್ಲಿ, ಪಂಪ್ ಹೌಸಿನೊಳಗೇ, ಕರೆಂಟು ಹೊಡೆದು ಸತ್ತಿದ್ದ. ಮೋಟರು ಹಾಕುವ ಸ್ಟಾರ್ಟರ್ ಪೆಟ್ಟಿಗೆಗೆ ಬಾಗಿಲಿರಲಿಲ್ಲ, ವೈರುಗಳು ಕರುಳಿನ ಹಾಗೆ ಹೊರಗೆ ಬಂದಿದ್ದವು, ಪೈಪು ಸೋರಿ ನೆಲವೆಲ್ಲ ನೀರು. ಹೊಸ ಪೆಟ್ಟಿಗೆ ಬೇಕು ಅಂತ ಏಳು ಸಲ ಮೇಲಕ್ಕೆ ಪತ್ರ ಬರೆದಿದ್ದೆವು. ಏಳನ್ನೂ ಟೈಪು ಮಾಡಿದ್ದು ನಾನೇ. 'ಮುಂದಿನ ಕ್ರಿಯಾಯೋಜನೆಯಲ್ಲಿ ಪರಿಗಣಿಸಲಾಗುವುದು' ಅಂತ ಏಳು ಸಲವೂ ಒಂದೇ ಉತ್ತರ. ಎಂಟನೇ ಪತ್ರ ಬರೆಯುವ ಮೊದಲೇ ಮುನಿಯಪ್ಪ ಹೋಗಿಬಿಟ್ಟ.

ಆಮೇಲೆ ನಾವು ಮಾಡಿದ್ದನ್ನು ಹೇಳಬೇಕು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಮ್ಮ ಕಡೆ ಒಂದು ರೂಢಿ ಇದೆ. ಇಂಥ ಸಣ್ಣ ಕೆಲಸಗಳಲ್ಲಿ ದುಡಿಯುವವನು ಸತ್ತರೆ ಅವನ ಹೆಸರನ್ನು ಕೂಡಲೇ ಹೊಡೆದು ಹಾಕುವುದಿಲ್ಲ. ಹೊಡೆದರೆ ಆ ಜಾಗವೇ ಹೋಗುತ್ತದೆ, ಹೊಸಬರನ್ನು ತೆಗೆದುಕೊಳ್ಳಲು ಅಪ್ಪಣೆ ಬರುವುದಿಲ್ಲ. ಅದಕ್ಕೆ ಮನೆಯವರು ಅದೇ ಹೆಸರಿನಲ್ಲಿ ಕೆಲಸ ಮುಂದುವರಿಸುತ್ತಾರೆ. ನಮ್ಮ ಅಭಿವೃದ್ಧಿ ಅಧಿಕಾರಿ ಓಂಕಾರೇಶ್ ಅವರು ಹೆಣ ಎತ್ತುವ ಮೊದಲೇ ಹೇಳಿದರು, "ಹೆಸರು ಇರ್ಲಿ ಬಿಡು ನಸ್ರೀನ್. ಶಂಕರಮ್ಮ ಮೋಟರು ಹಾಕ್ಕೊಂಡು ಹೋಗ್ಲಿ. ಪಾಪ, ಮನೆ ನಡೀಬೇಕಲ್ಲ." ಮುನಿಯಪ್ಪನ ಹೆಂಡತಿ ಶಂಕರಮ್ಮ ಗೋಡೆಗೊರಗಿ ಕೂತಿದ್ದಳು. ಏನು ಕೇಳಿದರೂ ತಲೆಯಾಡಿಸುತ್ತಿದ್ದಳು, ಇದಕ್ಕೂ ಆಡಿಸಿದಳು. ಪೊಲೀಸಿಗೆ ಹೇಳಲಿಲ್ಲ, ಸಾವನ್ನು ನೋಂದಾಯಿಸಲಿಲ್ಲ. ಊರೆಲ್ಲ ನಮ್ಮನ್ನು ಹೊಗಳಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಸತ್ತವನ ಹೆಸರಿನ ಮುಂದೆ 'ಹಾಜರು' ಅಂತ ಒತ್ತುತ್ತಿದ್ದವಳು ನಾನು.

"ಶೂನ್ಯ ಅಂತ ಹಾಕು," ಎಂದರು ಓಂಕಾರೇಶ್, ಪ್ರಶ್ನೆ ಓದಿ ಮುಗಿಸುವ ಮೊದಲೇ.

"ಮುನಿಯಪ್ಪ, ಸಾರ್?"

"ಮುನಿಯಪ್ಪ ಕೆಲಸದಲ್ಲವ್ನೆ ಅಂತ ಎಂಟು ತಿಂಗಳಿಂದ ತೋರ್ಸಿದ್ದೀವಲ್ಲ. ಈಗ ಸತ್ತ ಅಂದ್ರೆ ನನ್ನ ನೌಕರಿ ಹೋಗುತ್ತೆ, ನಿಂದೂ ಹೋಗುತ್ತೆ. ಶಂಕರಮ್ಮನ ಹೊಟ್ಟೆ ಮೇಲೂ ಹೊಡ್ದಂಗಾಗುತ್ತೆ. ನೀನೇ ಯೋಚ್ನೆ ಮಾಡು."

"ಪಂಪ್ ಹೌಸ್ ಪರಿಶೀಲನೆ?"

"ಪರಿಶೀಲಿಸಲಾಗಿದೆ, ಸುರಕ್ಷಿತವಾಗಿವೆ ಅಂತ ಹಾಕಮ್ಮ. ಎಲ್ಲಾರೂ ಹಂಗೇ ಹಾಕೋದು."

ಓಂಕಾರೇಶ್ ಕೆಟ್ಟವರಲ್ಲ. ಕಡೂರಿನ ಕಡೆಯ ಮನೆತನಸ್ಥರು, ಹಣೆಯ ಮೇಲೆ ವಿಭೂತಿ ಇಲ್ಲದೆ ಆಫೀಸಿಗೆ ಬಂದವರಲ್ಲ, ಯಾರ ಹತ್ತಿರವೂ ಕೈಚಾಚಿದವರಲ್ಲ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಅದಕ್ಕೇ ಅವರು ಬಹಳ ಕಾಲ ತಪ್ಪಿಸಿಕೊಂಡು ತಿರುಗುತ್ತಾರೆ. ನಾನು ಅವರ ಮುಖ ನೋಡಿದೆ, ನನ್ನ ಮನೆಯ ಒಲೆ ನೆನೆದುಕೊಂಡೆ, ಶೂನ್ಯ ಅಂತ ಹಾಕಿದೆ. ಅನುಬಂಧದಲ್ಲಿ ಮುನಿಯಪ್ಪನ ಹೆಸರು ಸೇರಿಸಿದೆ. ಮೂರೂ ಕಾಲಿಗೆ ಮೇಲಿನ ಆಫೀಸಿನ ಕಾಂತರಾಜು ಫೋನು ಮಾಡಿದ.

"ಏನಮ್ಮಾ, ಇಷ್ಟು ಲೇಟಾ? ಕ್ರೋಡೀಕರಿಸಿ ಮಧ್ಯಾಹ್ನ ಹನ್ನೆರಡಕ್ಕೇ ಕಳ್ಸಾಯ್ತು."

"ನಮ್ದು ಈಗ ತಾನೆ ಕಳ್ಸಿದ್ದಲ್ವಾ ಸಾರ್? ನಮ್ಮ ಉತ್ತರ ಇಲ್ಲದೆ ಹೆಂಗೆ ಕಳ್ಸಿದ್ರಿ?"

"ಎಲ್ಲಾ ಕಡೆನೂ ಶೂನ್ಯನೇ ಬರೋದು, ಅದಕ್ಕೆ ಕಾಯ್ತಾ ಕೂತ್ಕೊಳಕ್ಕಾಗುತ್ತಾ? ಹೆಸರಿನ ಪಟ್ಟಿ ನಿಮ್ಮ ಆನ್‌ಲೈನ್ ಹಾಜರಾತೀಲೇ ಸಿಗುತ್ತೆ. ನಿಮ್ದು ಫೈಲಿಗೆ ಬೇಕಿತ್ತು ಅಷ್ಟೆ."

ಒಬ್ಬ ಮನುಷ್ಯನ ಸಾವನ್ನು ಮುಚ್ಚಿಡಲು ನಾನು ಮೂರು ಗಂಟೆ ಕಾಲ ಒದ್ದಾಡಿದ್ದೆ. ಅವರಿಗೆ ಅದು ಬೇಕೇ ಇರಲಿಲ್ಲ. ಪ್ರಶ್ನೆ ಕೇಳಿದ ಸದಸ್ಯರು ಅಷ್ಟು ಕಾಳಜಿಯಿಂದ ಅ, ಆ, ಇ ಅಂತ ಬಿಡಿಸಿ ಕೇಳಿದ್ದರು. ಅವರ ಕಣ್ಣಿಗೆ ಎರಚುವ ಮಣ್ಣನ್ನು ಇವರು ಮೊದಲೇ ಬೊಗಸೆಯಲ್ಲಿ ಹಿಡಿದುಕೊಂಡು ಕೂತಿದ್ದರು.

ಹತ್ತು ದಿನಕ್ಕೆ ಉತ್ತರ ಪರಿಷತ್ತಿನ ವೆಬ್‌ಸೈಟಿನಲ್ಲಿ ಬಂತು. (ಅ) ಶೂನ್ಯ. (ಆ) ಉದ್ಭವಿಸುವುದಿಲ್ಲ. (ಇ) ಪರಿಶೀಲಿಸಲಾಗಿದೆ, ಎಲ್ಲವೂ ಸುರಕ್ಷಿತವಾಗಿರುತ್ತವೆ. ಕೆಳಗೆ ಅನುಬಂಧ, ಕ್ರಮ ಸಂಖ್ಯೆ ಇನ್ನೂರ ಹನ್ನೊಂದು: ಮುನಿಯಪ್ಪ, ನೀರುಗಂಟಿ, ಕರ್ತವ್ಯ ನಿರ್ವಹಿಸುತ್ತಿದ್ದಾರೆ. ಅದನ್ನು ಪ್ರಿಂಟು ತೆಗೆಯುತ್ತಿದ್ದಾಗಲೇ ಶಂಕರಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬೆರಳುಗಳು ಮಡಚುತ್ತಿರಲಿಲ್ಲ.

"ಪೆಟ್ಗೆ ಎತ್ತಿ ಬಿಸಾಕ್ತು ಕಣವ್ವ," ಎಂದಳು. "ಮಣೆ ಮೇಲೆ ನಿಂತು ಬಿದಿರುಕಡ್ಡೀಲೆ ಒತ್ತಿದ್ದೆ. ಆದ್ರೂ ಹಿಡ್ಕಂಡ್ಬಿಡ್ತು. ಮಣೆ ಜಾರಿ ಹಿಂದಕ್ಕೆ ಬಿದ್ನಲ್ಲ, ಅದಕ್ಕೆ ಉಳ್ಕಂಡೆ."

ನನಗೆ ಬೆಂಕಿ ಹತ್ತಿದ ಹಾಗಾಯಿತು. ಇನ್ನೊಂದು ಹೆಣ ಬಿದ್ದಿದ್ದರೆ? ಆಗಲೂ ನಾವು ಪಾಪ ಅನ್ನುತ್ತಿದ್ದೆವು. ಆಗಲೂ ಶೂನ್ಯವನ್ನೇ ಕಳಿಸುತ್ತಿದ್ದೆವು. ಕಾಗದವನ್ನು ಅವಳಿಗೆ ಒಂದಕ್ಷರ ಬಿಡದೆ ಓದಿ ಹೇಳಿದೆ. ಶೂನ್ಯ ಅಂತ ಹಾಕಿದವಳು ನಾನೇ ಅಂತಲೂ ಹೇಳಿದೆ. ಬೈಯಲಿ ಅಂತ ಕಾದೆ.

ಅವಳು ಬೈಯಲಿಲ್ಲ. "ಇದು ಮಂತ್ರಿಗಳು ಹೇಳಿರೋದಾ?" ಎಂದು ಕೇಳಿದಳು.

"ಹೂಂ ಅಕ್ಕ."

"ಮುನಿಯಪ್ಪ ಕೆಲಸ ಮಾಡ್ತಾವ್ನೆ ಅಂತ?"

"ಹೂಂ."

"ಸರಿ ಬಿಡು. ಹಂಗಾದ್ರೆ ನಾಳಿಂದ ಅವ್ನೇ ನೀರು ಬಿಡ್ತಾನೆ."

ಪಂಪ್ ಹೌಸಿನ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಮಾರನೇ ದಿನ ನಲ್ಲಿಯಲ್ಲಿ ಗಾಳಿ ಬಂತು. ಅದರ ಮಾರನೇ ದಿನ ಗಾಳಿಯೂ ಬರಲಿಲ್ಲ. ಮಾರ್ಚಿನ ಬಿಸಿಲು. ಮೂರು ಊರಿನ ಹೆಂಗಸರು ಖಾಲಿ ಕೊಡಗಳನ್ನು ತಂದು ಪಂಚಾಯಿತಿಯ ಮೆಟ್ಟಿಲ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು. ಎಂಟು ತಿಂಗಳು ನೀರು ಕುಡಿಯುವಾಗ ಆ ಪೆಟ್ಟಿಗೆಯನ್ನು ಯಾರು ಮುಟ್ಟುತ್ತಿದ್ದಾರೆ ಅಂತ ಇವರಲ್ಲಿ ಒಬ್ಬರೂ ಕೇಳಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈಗ ಕೇಳಿದರು. ಓಂಕಾರೇಶ್ ಶಂಕರಮ್ಮನ ಮನೆಗೆ ಎರಡು ಸಲ ಹೋಗಿ ಬಂದರು. ಅವಳದು ಒಂದೇ ಮಾತು: "ಮುನಿಯಪ್ಪನ್ನ ಕೇಳಿ. ಸರ್ಕಾರದ ಪಟ್ಟೀಲಿ ನನ್ನ ಹೆಸರಿಲ್ಲ, ಅವನ್ದೈತೆ."

ಮೂರನೇ ದಿನ ಬೆಳಿಗ್ಗೆ ಜನ ಓಂಕಾರೇಶರನ್ನು ಸುತ್ತುಗಟ್ಟಿ ಪಂಪ್ ಹೌಸಿಗೆ ಕರೆದುಕೊಂಡು ಹೋದರು. ನಾನೂ ಹೋದೆ. ಶಂಕರಮ್ಮ ಬೇಲಿಯಾಚೆ ಕೈಕಟ್ಟಿಕೊಂಡು ನಿಂತಿದ್ದಳು. ಒಳಗೆ ಅದೇ ಪೆಟ್ಟಿಗೆ, ಅದೇ ವೈರು, ಪಾದ ಮುಳುಗುವಷ್ಟು ನೀರು. ಪೆಟ್ಟಿಗೆಯ ಪಕ್ಕದ ಗೋಡೆ ಒಂದು ಮೊಳದಷ್ಟು ಕಪ್ಪಗೆ ಸುಟ್ಟಿತ್ತು. ಓಂಕಾರೇಶ್ ಹೊಸ್ತಿಲಲ್ಲೇ ನಿಂತರು.

"ಎಲೆಕ್ಟ್ರಿಷಿಯನ್ ಕರ್ಸನ ಕಣ್ರೀ," ಎಂದರು. "ಸ್ವಲ್ಪ ತಡ್ಕಳಿ."

ನನಗೆ ಇನ್ನು ತಡೆಯಲಾಗಲಿಲ್ಲ. ಪರ್ಸಿನಿಂದ ಕಾಗದ ತೆಗೆದು ಎಲ್ಲರಿಗೂ ಕೇಳುವಂತೆ (ಇ) ಓದಿದೆ. 'ಪರಿಶೀಲಿಸಲಾಗಿದೆ, ಎಲ್ಲವೂ ಸುರಕ್ಷಿತವಾಗಿರುತ್ತವೆ.' ಓದಿ, ಹೊಸ್ತಿಲ ಬಳಿ ಬಿದ್ದಿದ್ದ ಶಂಕರಮ್ಮನ ಬಿದಿರುಕಡ್ಡಿಯನ್ನು ಅವರ ಕೈಗೆ ಕೊಟ್ಟೆ.

"ನೀವು ಹೇಳಿದ್ರಿ, ನಾನು ಬರ್ದೆ, ಮಂತ್ರಿಗಳು ಸಹಿ ಹಾಕಿದ್ರು. ಸುರಕ್ಷಿತ ಅಂತ ಸದನಕ್ಕೇ ಹೇಳಿದ್ದೀವಿ. ಒತ್ತಿ ಸಾರ್."

"ನಸ್ರೀನ್, ಏನಮ್ಮಾ ಇದು."

"ಒತ್ತಿ ಸಾರ್. ನೀವು ಒತ್ತಲ್ಲ ಅಂದ್ರೆ ನಾನು ಒತ್ತಬೇಕು, ಬರ್ದಿರೋಳು ನಾನೇ. ಇಬ್ರಲ್ಲಿ ಒಬ್ರು ಒತ್ತಲೇಬೇಕು."

ಓಂಕಾರೇಶ್ ಚಪ್ಪಲಿಯಲ್ಲೇ ಎರಡು ಹೆಜ್ಜೆ ನೀರಿಗಿಳಿದರು. ಮಣೆ ಹತ್ತಿದರು. ಕಡ್ಡಿಯನ್ನು ಹಸಿರು ಗುಂಡಿಯ ಕಡೆ ಚಾಚಿದರು. ಗೇಣುದ್ದ ದೂರದಲ್ಲಿ ಅದು ನಿಂತಿತು. ಕಡ್ಡಿಯ ತುದಿ ಪೆಟ್ಟಿಗೆಯ ಅಂಚಿಗೆ ಟಕಟಕ ಬಡಿಯಿತು. ಅವರು ಬೇಲಿಯಾಚೆ ನಿಂತಿದ್ದ ಶಂಕರಮ್ಮನ ಕಡೆ ತಿರುಗಿ ನೋಡಿದರು.

"ದಿನಾ ಹಿಂಗೇ ನಿಂತ್ಕಂತಿದ್ದೇನವ್ವ?" ಎಂದು ಕೇಳಿದರು.

"ದಿನಕ್ಕೆ ಎರಡ್ ಸತಿ," ಎಂದಳು ಅವಳು.

ಅವರು ಕಡ್ಡಿ ಬಿಟ್ಟು ಹೊರಗೆ ಬಂದು ಕಲ್ಲಿನ ಮೇಲೆ ಕೂತರು. ಪ್ಯಾಂಟಿನ ಕಾಲು ಒದ್ದೆಯಾಗಿತ್ತು. ಅದನ್ನು ಹಿಂಡುತ್ತಾ, "ನಡಿ ನಸ್ರೀನ್, ಬರ್ಯನ," ಎಂದರು.

ಅವತ್ತು ಮಧ್ಯಾಹ್ನ ಬರೆದೆವು. (ಅ) ಒಬ್ಬರು. ಹೆಸರು, ಊರು, ಸತ್ತ ದಿನ, ಸತ್ತ ಜಾಗ. (ಆ) ಕ್ರಮ ಕೈಗೊಂಡಿರುವುದಿಲ್ಲ. ಸದರಿಯವರ ಸಾವನ್ನು ಮರೆಮಾಚಲಾಗಿತ್ತು. (ಇ) ಪರಿಶೀಲಿಸಿರುವುದಿಲ್ಲ. ಏಳು ಪತ್ರಗಳ ನಕಲು ಲಗತ್ತಿಸಿದೆ. ಓಂಕಾರೇಶ್ ಸಹಿ ಹಾಕಿದರು, ಕೆಳಗೆ ನಾನು ಹಾಕಿದೆ. ಒಂದು ಪ್ರತಿ ಮೇಲಿನ ಆಫೀಸಿಗೆ, ಇನ್ನೊಂದನ್ನು ಪ್ರಶ್ನೆ ಕೇಳಿದ ಸದಸ್ಯರ ವಿಳಾಸಕ್ಕೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಕಾಂತರಾಜು ಫೋನು ಮಾಡಿ, "ನಿಂಗೆ ತಲೆ ಕೆಟ್ಟಿದ್ಯೇನಮ್ಮಾ, ಸದನಕ್ಕೆ ಹೋಗಿರೋ ಉತ್ತರ ಅದು," ಅಂತ ಕಿರುಚಿದ. ನನಗೂ ಅದೇ ಸಿಟ್ಟು ಕಣಯ್ಯಾ, ಎಂದು ಫೋನು ಇಟ್ಟೆ. ಮೇಲಿನವರನ್ನು ಹಾಗೆ ಮಾತಾಡಿಸಿದ್ದು ಅದೇ ಮೊದಲು.

ಓಂಕಾರೇಶರಿಗೆ ನೋಟಿಸು ಬಂತು. ನನಗೆ ಗುತ್ತಿಗೆದಾರನಿಂದ, ಮುಂದಿನ ತಿಂಗಳಿಂದ ಕೆಲಸಕ್ಕೆ ಬರಬೇಡ ಅಂತ ಮೆಸೇಜು ಬಂತು. ಶಂಕರಮ್ಮನ ಹೆಸರು ಇನ್ನೂ ಯಾವ ಪಟ್ಟಿಗೂ ಸೇರಿಲ್ಲ. ಆದರೆ ಸದಸ್ಯರು ತಾವೇ ಫೋನು ಮಾಡಿದರು. ಸುಳ್ಳು ಉತ್ತರ ಕೊಟ್ಟವರ ಮೇಲೆ ಸದನದಲ್ಲೇ ಹಕ್ಕುಚ್ಯುತಿ ಮಂಡಿಸುತ್ತೇನೆ, ಇನ್ನೇನಿದ್ದರೂ ಬರೆದು ಕಳಿಸಿ, ಅಂದರು. ಆ ಮಾತು ಯಾರ ಕಿವಿಗೆ ಬಿತ್ತೋ, ಮೂರೇ ದಿನಕ್ಕೆ ಒಂದು ಗೂಡ್ಸ್ ಆಟೋದಲ್ಲಿ ಹೊಸ ಸ್ಟಾರ್ಟರ್ ಪೆಟ್ಟಿಗೆ ಬಂದು ಇಳಿಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮವರು ನಿಸ್ಸೀಮರು.

ಪೆಟ್ಟಿಗೆ ಕೂರಿಸುವಾಗ ಶಂಕರಮ್ಮನೂ ಬಂದಿದ್ದಳು. ಎಡಗೈಯಲ್ಲಿ ಅದರ ಮೇಲಿನ ಧೂಳು ಒರೆಸಿದಳು. ಹೊಸದಕ್ಕೆ ಅಷ್ಟು ಧೂಳು ಯಾಕೆ ಅಂತ ಇಬ್ಬರಿಗೂ ಒಟ್ಟಿಗೇ ಅನ್ನಿಸಿರಬೇಕು. ಬದಿಗೆ ಒಂದು ಚೀಟಿ ಅಂಟಿಸಿತ್ತು.

"ಏನವ್ವ ಬರ್ದೈತೆ ಅದ್ರಲ್ಲಿ?"

ಬೆರಳಿಟ್ಟು ಓದಿದೆ. "ತಾಲ್ಲೂಕು ಗೋದಾಮಿಗೆ ಬಂದ ತಾರೀಖು ಅಕ್ಕ," ಎಂದೆ. "ಹೋದ ವರ್ಷ ಮೇ ಹನ್ನೆರಡು."

ಅವಳು ಮಡಚದ ಬೆರಳುಗಳ ಮೇಲೆಯೇ ತಿಂಗಳುಗಳನ್ನು ಎಣಿಸಿದಳು. ಎರಡು ಸಲ ಎಣಿಸಿದಳು.

"ಅವಾಗ ಅವ್ನು ಬದುಕಿದ್ದ," ಎಂದಳು. ಆಮೇಲೆ ಚೀಟಿಯನ್ನು ಹರಿಯದಂತೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕಿತ್ತು, ನನ್ನ ಅಂಗೈ ಮೇಲಿಟ್ಟಳು. "ಮೂರ್ ತಿಂಗಳು ಈ ಪೆಟ್ಗೆ ಅಲ್ಲಿ ಏನ್ ಮಾಡ್ತಿತ್ತು? ಇದನ್ನೂ ಮಂತ್ರಿಗಳ ಹತ್ರ ಕೇಳುಸ್ಬೇಕು. ಬರಿ ನಸ್ರೀನವ್ವ, ಈಗಲೇ ಬರಿ."