ಯಾವ ಯುದ್ಧದ ಚೂರು

ಮುಂದಿನ ಟ್ರಕ್ಕಿನ ಬ್ರೇಕ್ ದೀಪ ಕೆಂಪಾಯಿತು, ಆರಿತು, ಮತ್ತೆ ಕೆಂಪಾಯಿತು, ನಿಧಾನ ರಂಜಿನಿ, ನನಗೆ ನಾನೇ ಅಂದುಕೊಂಡೆ, ನಿಧಾನ, ಬ್ರೇಕನ್ನು ಒತ್ತಬೇಡ, ಸವರು, ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಒರಗಿರುವವನ ತೊಡೆಯೊಳಗೆ ಒಂದು ಲೋಹದ ಚೂರಿದೆ, ದೊಡ್ಡ ರಕ್ತನಾಳಕ್ಕೆ ಆತುಕೊಂಡು ಕೂತಿದೆ, ಕಾರು ಕುಲುಕಿದರೆ ಅದೂ ಕುಲುಕುತ್ತದೆ — ಕುಲುಕುತ್ತದೆಯೋ ಇಲ್ಲವೋ ನನಗೇನು ಗೊತ್ತು, ನಾನು ಡಾಕ್ಟರಲ್ಲ, ಇಲ್ಲಿ ಅಮೆರಿಕದ ಕ್ಯಾನ್ಯನ್ ಪಾರ್ಕಿನ ಕಂಪನಿಯಲ್ಲಿ ಕೂತು ಅಲ್ಟ್ರಾಸೌಂಡ್ ಯಂತ್ರದ ಚಿತ್ರ ತಿಳಿಯಾಗಿ ಕಾಣುವಂತೆ ಪ್ರೋಗ್ರಾಂ ಬರೆಯುವವಳು, ಈ ಸಬಾಹ್‌ನನ್ನು ನೋಡಿದ್ದೇ ಇವತ್ತು ಬೆಳಿಗ್ಗೆ. ಹತ್ತಿರದ ಕೆಂಟ್ ಊರಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಇರಾಕಿನವನು, ಬಿಡುವಿದ್ದಾಗ ನಮ್ಮಂಥ ಕಂಪನಿಗಳಿಗೆ ಬಂದು ಮಂಚದ ಮೇಲೆ ಮಲಗುತ್ತಾನೆ, ಯಂತ್ರ ಮಾರಬೇಕಾದರೆ ತೋರಿಸಲು ಒಂದು ಜೀವಂತ ಮೈ ಬೇಕಲ್ಲ. ಆಂಬುಲೆನ್ಸ್ ಕರೀತೀನಿ ಅಂದೆ, ಬೇಡ ಅಂದ, ಆ ಸೈರನ್ ಕೇಳ್ಕೊಂಡು ನಾನು ಮಲಗಿರೋಕಾಗಲ್ಲ, ನೀವೇ ಡ್ರೈವ್ ಮಾಡಿ. ಅದಕ್ಕೇ 405 ಹೆದ್ದಾರಿಯ ಈ ವಾಹನಗಳ ಸಾಲಿನಲ್ಲಿ ನಾವಿಬ್ಬರು, ಆಗಸ್ಟಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಅವನು ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾನೆ, ಒಳಗಿರುವುದನ್ನು ಎಬ್ಬಿಸಬಾರದು ಎನ್ನುವ ಹಾಗೆ, ರಸ್ತೆಯ ಪ್ರತಿ ಬೆಸುಗೆಗೂ ಟಯರು ಧಡ್ ಎನ್ನುತ್ತದೆ, ಪ್ರತಿ ಧಡ್‌ಗೂ ನನ್ನ ಕಣ್ಣ ಮುಂದೆ ಬಿಳಿ ಚುಕ್ಕೆ.

ಬೆಳಿಗ್ಗೆ ಆ ಚುಕ್ಕೆ ಯಂತ್ರದ ತೆರೆಯ ಮೇಲೆ ಬಂದಾಗ ಕೋಣೆಯಲ್ಲಿ ಎಲ್ಲರೂ ಖುಷಿಯಾಗಿದ್ದರು. ನಿವೃತ್ತ ಕರ್ನಲ್ ಒಬ್ಬರು ಬಂದಿದ್ದರು, ಸೈನ್ಯದಲ್ಲಿ ಡಾಕ್ಟರಾಗಿದ್ದವರು, ಯಾವ ಯಂತ್ರ ಕೊಳ್ಳಬೇಕೆಂದು ಈಗ ಸೈನ್ಯಕ್ಕೆ ಹೇಳುವವರು, ಕಾಫಿ ಕಪ್ಪು ಹಿಡಿದು ಯಂತ್ರದ ಮೈ ಸವರುತ್ತ ಮಾತಾಡುತ್ತಿದ್ದರು — ತೆರೆ ಬಿಸಿಲಲ್ಲೂ ಕಾಣತ್ತಾ, ಪನಾಮಾದಲ್ಲಿ ನಮಗೆ ಏನೂ ಕಾಣ್ತಿರಲಿಲ್ಲ, ಗುಂಡಿಗಳ ಸಂದಿಗೆ ಮರಳು ಹೋಗತ್ತಾ, ಕುವೈತಿನ ಮರಳು ಎಲ್ಲಿಗೆ ಬೇಕಾದ್ರೂ ಹೋಗತ್ತೆ, ಬೋಸ್ನಿಯಾದ ಚಳೀಲಿ ಬ್ಯಾಟರಿ ಸತ್ತೇಹೋಗ್ತಿತ್ತು, ಮೊಗದಿಶುನಲ್ಲಿ ಯಂತ್ರಾನೇ ಇರಲಿಲ್ಲ, ಹೆಲಿಕಾಪ್ಟರಲ್ಲಿ ಒಬ್ಬ ಹುಡುಗನ ತೊಡೇಲಿ ರಕ್ತ ಎಲ್ಲಿಂದ ಬರ್ತಿದೆ ಅಂತ ಬೆರಳಲ್ಲಿ ಹುಡುಕಿದೆ, ಸಿಗಲಿಲ್ಲ. ಆ ಕೊನೆಯದನ್ನು ಹೇಳುವಾಗ ಅವರ ದನಿ ಇಳಿಯಿತು. ನಾನು ನಿಂತಲ್ಲೇ ನಿಂತೆ, ಏಕೆಂದರೆ ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳೇ, ಬಿಸಿಲಿಗೆ ಹೊಳೆಯದ ತೆರೆ, ಮರಳು ನುಗ್ಗದ ಗುಂಡಿ, ಚಳಿ ತಾಳುವ ಬ್ಯಾಟರಿ, ಇಷ್ಟು ವರ್ಷ ಅವನ್ನು ಯಂತ್ರದ ಗುಣಗಳೆಂದುಕೊಂಡೇ ಕೆಲಸ ಮಾಡಿದ್ದೆ, ಈಗ ನೋಡಿದರೆ ಒಂದೊಂದಕ್ಕೂ ಯುದ್ಧ ನಡೆದ ಒಂದೊಂದು ಊರಿತ್ತು. ಆಮೇಲೆ ಸಬಾಹ್‌ನ ತೊಡೆಗೆ ಜೆಲ್ಲಿ ಹಚ್ಚಿ, ಚಿತ್ರ ಹಿಡಿಯುವ ಪ್ರೋಬ್ ಇಟ್ಟೆ, ರಕ್ತನಾಳ ಕಂಡಿತು, ಕಪ್ಪು ವೃತ್ತ, ಬಡಿಯುತ್ತ, ಅದರ ಅಂಚಿನಲ್ಲಿ ಚೂಪಾದ ಬಿಳಿ ಚುಕ್ಕೆ, ಕೆಳಗೆ ಬೆಳ್ಳಿ ಬಾಲ, ಲೋಹವಿದ್ದರೆ ಮಾತ್ರ ಬರುವ ಬಾಲ. ಅದರ ಪಕ್ಕದಲ್ಲಿ ನಾಳದ ಗೋಡೆ ಉಬ್ಬಿ ಚೀಲವಾಗಿತ್ತು, ಚೀಲದೊಳಗೆ ರಕ್ತ ಸುಳಿಯಾಗಿ ತಿರುಗುತ್ತಿತ್ತು, ಬಡಿತಕ್ಕೊಮ್ಮೆ ಚುಕ್ಕೆ ಆ ಚೀಲವನ್ನು ತಿವಿಯುತ್ತಿತ್ತು. ಕರ್ನಲ್ ಬಗ್ಗಿ ನೋಡಿ ಇದೇ, ನಾನು ನೋಡ್ಬೇಕಂತಿದ್ದಿದ್ದು ಇದೇ ಅಂದರು. ಮಾರಾಟದ ಪ್ರಶಾಂತ, ಬೆಂಗಳೂರಿನವನು, ಮುಖದ ನಗು ಅಲುಗದ ಹಾಗೆ ಕನ್ನಡದಲ್ಲಿ ನನಗೆ ಹೇಳಿದ, ರಂಜಿನಿ, ಏನೂ ಹೇಳೋಕ್ ಹೋಗ್ಬೇಡಿ, ಹೇಳಿದ್ರೆ ಡಯಾಗ್ನಸಿಸ್ ಆಗತ್ತೆ, ಲೀಗಲ್‌ನವ್ರು ಸುಮ್ನಿರಲ್ಲ, ಕ್ಲಿಪ್ ಸೇವ್ ಮಾಡಿ, ಇದೊಂದು ಸಾಕು ಆರ್ಡರ್ ಬರೋಕೆ. ತೆರೆ ಕರ್ನಲ್ ಕಡೆಗಿತ್ತು. ಸಬಾಹ್‌ಗೆ ಕಾಣುತ್ತಿದ್ದದ್ದು ನಮ್ಮ ಮುಖಗಳು ಮಾತ್ರ. ಏನಾದ್ರೂ ತೊಂದರೆನಾ ಎಂದು ಕೇಳಿದ. ನನ್ನ ಗ್ರೀನ್ ಕಾರ್ಡಿನ ಕಾಗದ ಇನ್ನೂ ಕಂಪನಿಯ ಕೈಯಲ್ಲಿದೆ, ಮನೆಯಲ್ಲಿ ಗಂಡ ಅನಿಲ್‌ಗೆ ಕೆಲಸ ಹೋಗಿ ತಿಂಗಳುಗಳಾದವು, ಇದೆಲ್ಲ ಒಂದು ಕ್ಷಣದಲ್ಲಿ ತಲೆಗೆ ಬಂತು, ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೂ ಬಂತು, ಅಷ್ಟರಲ್ಲಿ ನನ್ನ ಎಡಗೈ ತೆರೆಯನ್ನು ಅವನತ್ತ ತಿರುಗಿಸಿತ್ತು. ಇದು ಲೋಹ, ಇದು ನಿಮ್ಮ ದೊಡ್ಡ ರಕ್ತನಾಳ, ಇವತ್ತೇ ಆಸ್ಪತ್ರೆಗೆ ಹೋಗ್ಬೇಕು ಅಂದೆ. ಪ್ರಶಾಂತ ಕಿಟಕಿಯ ಕಡೆ ತಿರುಗಿ ನಿಂತ.

ಈಗ 520 ಹೆದ್ದಾರಿಯ ತೇಲುವ ಸೇತುವೆ, ಎರಡೂ ಕಡೆ ಸರೋವರ ಬೆಳ್ಳಗೆ ಹೊಳೆಯುತ್ತಿದೆ, ದೋಣಿಗಳು, ಅದೆಷ್ಟು ಆರಾಮ. ಸಬಾಹ್ ಕೈ ಚಾಚಿ ರೇಡಿಯೋ ಹಾಕಿದ. ಅಮೆರಿಕದ ವಿಮಾನಗಳು ಉತ್ತರ ಇರಾಕಿನಲ್ಲಿ ಬಾಂಬು ಹಾಕಿವೆ, ಇವತ್ತು, ಮತ್ತೆ. ಆಫ್ ಮಾಡ್ಲಾ ಅಂದೆ. ಬೇಡ, ನನ್ನ ತಂಗೀನ ಅಲ್ಲಿನ ಎರ್ಬಿಲ್‌ಗೆ ಕೊಟ್ಟಿದೀವಿ, ಆ ಕಪ್ಪು ಬಾವುಟದವರು ಊರ ಹತ್ರ ಬಂದ್ಬಿಟ್ಟಿದಾರೆ, ವಿಮಾನ ಬರಲಿ ಅಂತ ಅವಳು ಪ್ರಾರ್ಥನೆ ಮಾಡ್ತಿದ್ಲು, ಬೆಳಿಗ್ಗೆ ಫೋನಲ್ಲಿ ಹೇಳಿದ್ಲು, ಅದೇ ವಿಮಾನ ಕಣ್ರೀ, ನಮ್ಮಮ್ಮನ್ನ ಕೊಂದಿದ್ದು — ಅಲ್ಲಿಗೆ ನಿಲ್ಲಿಸಿದ. ಸೇತುವೆಯ ಕೀಲು ಬಂತು, ಧಡ್, ಅವನ ದವಡೆ ಬಿಗಿಯಿತು. ಆಮೇಲೆ ತಾನಾಗಿಯೇ ಹೇಳಿದ, ತೊಂಬತ್ತೊಂದರಲ್ಲಿ ನಾಸಿರಿಯಾದಲ್ಲಿ ಮನೆಯ ಮಾಳಿಗೆ ಮೇಲಿದ್ದೆ, ಚಿಕ್ಕವನು, ಬಾಂಬು ಬಿತ್ತು, ಈ ತೊಡೆಗೆ ಏನೋ ಚುಚ್ಚಿತು, ಅಮ್ಮ ದೀಪ ಹಿಡಿದು ಚಿಮುಟದಲ್ಲಿ ತೆಗೆದಳು, ಎಲ್ಲ ಬಂತು ಅಂದಳು. ಎರಡು ಸಾವಿರದ ಮೂರರಲ್ಲಿ ಅದೇ ಊರು, ಸೇತುವೆ ಹತ್ರ, ಅದೇ ತೊಡೆ, ಆ ಸಲ ಡಾಕ್ಟರು ತೆಗೆದ್ರು, ಅವರೂ ಎಲ್ಲ ಬಂತು ಅಂದ್ರು. ಅಮ್ಮ ಆ ಸಲ ಹೋದಳು. ನನಗೆ ತೊಂಬತ್ತೊಂದು ಎಂದರೆ ಗದಗ, ನೆರೆಮನೆಯ ಅನಸೂಯಮ್ಮನವರ ಪಡಸಾಲೆ, ಓಣಿಗೆಲ್ಲ ಒಂದೇ ಕಪ್ಪು-ಬಿಳುಪು ಟಿವಿ, ರಾತ್ರಿಯ ವಾರ್ತೆಯಲ್ಲಿ ಕತ್ತಲ ಆಕಾಶಕ್ಕೆ ಬಿಳಿ ಚುಕ್ಕೆಗಳು ಬಾಲ ಎಳೆದುಕೊಂಡು ಏರುತ್ತಿದ್ದವು, ನಾವು ಹುಡುಗರು ಚಪ್ಪಾಳೆ ಹೊಡೆದೆವು, ದೀಪಾವಳಿ ಬಂತು ಅಂದೆವು, ಅವ್ವ ಸೀಮೆಎಣ್ಣೆಯ ಪಾಳಿಯಲ್ಲಿ ನಿಂತು ಖಾಲಿ ಡಬ್ಬಿಯೊಂದಿಗೆ ಬಾಗಿಲಿಗೆ ಬಂದಿದ್ದಳು, ಯಾರದೋ ಜಗಳಕ್ಕ ನಮ್ಮ ಒಲಿ ಆರಿಹೋತು ನೋಡ್ರಿ ಅಂದಳು, ನಮಗೆ ಆ ಯುದ್ಧವೆಂದರೆ ಅಷ್ಟೇ, ಹಸಿ ಕಟ್ಟಿಗೆಯ ಹೊಗೆ. ಇದನ್ನು ಇವನಿಗೆ ಹೇಗೆ ಹೇಳಲಿ. ಬೆಳಿಗ್ಗೆ ನೀವೂ ಪ್ರಶಾಂತೂ ನಿಮ್ಮ ಭಾಷೇಲಿ ಮಾತಾಡಿದ್ರಲ್ಲ, ಅಂದ ಸಬಾಹ್, ಅರ್ಥ ಆಗ್ಲಿಲ್ಲ, ಆದ್ರೆ ತಿಳೀತು, ನಮ್ಮೂರಲ್ಲಿ ಅಮೆರಿಕದ ಸೈನಿಕರ ಚೆಕ್‌ಪಾಯಿಂಟಲ್ಲೂ ಹಾಗೇ, ನಮ್ಮ ತಲೆ ಮೇಲೆ ಬೇರೆ ಭಾಷೆ ಓಡಾಡೋದು, ದನಿ ಕೇಳಿದ್ರೆ ಸಾಕು, ನಮ್ಮ ವಿಷಯಾನೇ ಅಂತ ಗೊತ್ತಾಗೋದು. ಕನ್ನಡ, ನನ್ನ ಕನ್ನಡ, ಅವನ ಮೈಯ ಮೇಲೆ ಹಾಗೆ ಓಡಾಡಿತೆ. ಹೊರಡುವ ಮುಂಚೆ ಕರ್ನಲ್‌ಗೂ ಅವನು ಊರಿನ ಹೆಸರು ಹೇಳಿದ್ದ, ಅವರು ಯಾವ ವರ್ಷ ಎಂದು ಕೇಳಿದರು, ಎರಡನ್ನೂ ಹೇಳಿದ, ಕರ್ನಲ್ ಕಪ್ಪು ಕೆಳಗಿಟ್ಟು ಎರಡು ಸಲಾನೂ ನಾನಲ್ಲಿದ್ದೆ ಅಂದರು, ಮೊಣಕೈ ಹಿಡಿದು ಕಾರಿನ ತನಕ ನಡೆಸಿಕೊಂಡು ಬಂದು ಸೀಟನ್ನು ಹಿಂದಕ್ಕೆ ಸರಿಸಿಕೊಟ್ಟರು, ಸಬಾಹ್ ಹಿಡಿಸಿಕೊಂಡು ನಡೆದ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗುಡ್ಡದ ಮೇಲಿನ ಆಸ್ಪತ್ರೆ, ಗಾಲಿಕುರ್ಚಿ, ಪರದೆ, ಫೋನು ಅದುರುತ್ತಿದೆ, ಪ್ರಶಾಂತ, ನಾಳೆ ಎಚ್‌ಆರ್ ಜೊತೆ ಕೂರೋಣ ಎಂದು ಮೆಸೇಜು, ಕೂರೋಣ, ಆಗಲಿ. ನರ್ಸು ಕೇಳುತ್ತಿದ್ದಾಳೆ, ಗಾಯ ಆಗಿದ್ದು ಯಾವಾಗ. ಸಬಾಹ್ ಬಾಯಿ ತೆರೆದ, ಮುಚ್ಚಿದ, ನನ್ನ ಕಡೆ ನೋಡಿದ, ಯಂತ್ರದವಳಲ್ಲವೆ ನಾನು, ನನಗೆ ಗೊತ್ತಿರಬೇಕೆಂದುಕೊಂಡನೋ ಏನೋ. ಎಷ್ಟು ಆಳ ಎಂದು ಕೇಳಿದ್ದರೆ ಹೇಳುತ್ತಿದ್ದೆ, ಎಷ್ಟು ಉದ್ದ, ಎಷ್ಟು ವಾರೆ, ಎಲ್ಲವನ್ನೂ ಹೇಳುತ್ತಿದ್ದೆ. ಗೊತ್ತಿಲ್ಲ ಅಂದ ಅವನು ಕೊನೆಗೆ, ಎರಡರಲ್ಲಿ ಒಂದು. ನರ್ಸಿಗೆ ಅರ್ಥವಾಗಲಿಲ್ಲ. ಡಾಕ್ಟರಮ್ಮ ಬಂದಳು, ನಮ್ಮದೇ ಕಂಪನಿಯ ಹಳೆಯ ಯಂತ್ರ ತಂದಳು, ಪ್ರೋಬ್ ಇಟ್ಟಳು, ಚೀಲ ಬೆಳಿಗ್ಗೆಗಿಂತ ದೊಡ್ಡದಾಗಿತ್ತು, ನನಗೆ ಹಾಗೆ ಕಂಡಿತೋ, ಇಲ್ಲ, ದೊಡ್ಡದೇ ಆಗಿತ್ತು, ಅವಳು ಚಿತ್ರ ನಿಲ್ಲಿಸಿ, ಈಗಲೇ ಆಪರೇಷನ್, ನಾಳೆಗೆ ಬಿಟ್ಟಿದ್ರೆ ಕಷ್ಟ ಆಗ್ತಿತ್ತು ಅಂದಳು. ಕರೆದುಕೊಂಡು ಹೋಗುವಾಗ ಸಬಾಹ್ ತಲೆಯೆತ್ತಿ, ತೆಗೆದ ಮೇಲೆ ಅದನ್ನ ಎಸೀಬೇಡಿ, ನಂಗೆ ಕೊಡಿ ಅಂದ. ಬಾಗಿಲು ಮುಚ್ಚಿತು. ಪರದೆಯೊಳಗೆ ನಾನು ಮತ್ತು ಯಂತ್ರ, ಅದನ್ನು ಆರಿಸಲು ಯಾರಿಗೂ ನೆನಪಾಗಿರಲಿಲ್ಲ, ತೆರೆಯ ಮೂಲೆಯಲ್ಲಿ ಯಂತ್ರ ತಾರೀಖು ಬರೆದಿದೆ, ಅದಕ್ಕೆ ಗೊತ್ತಿರುವುದು ಅದೊಂದೇ, ಇವತ್ತಿನದು, ತೊಂಬತ್ತೊಂದಲ್ಲ, ಎರಡು ಸಾವಿರದ ಮೂರಲ್ಲ, ಇವತ್ತಿನದು, ಅದರ ಕೆಳಗೆ, ಡಾಕ್ಟರಮ್ಮ ನಿಲ್ಲಿಸಿದ ಚಿತ್ರದಲ್ಲಿ, ಬಡಿತ ನಿಂತ ಕಪ್ಪು ನಾಳ, ನಾಳದ ಅಂಚಿನಲ್ಲಿ ಬಿಳಿ ಚುಕ್ಕೆ, ಅದರ ಬಾಲ, ಬಿಳಿ ಚುಕ್ಕೆ —