ಬಚ್ಚಲು ಬಾಗಿಲಿನ ಚಿಲಕ

ನಾನು ಬಡಗಿ. ಮೂವತ್ತು ವರ್ಷ ಊರವರಿಗೆಲ್ಲ ಬಾಗಿಲು ಮಾಡಿಕೊಟ್ಟು, ಕೊನೆಗೆ ನನ್ನ ಮನೆಯ ಮೇಲೆ ಇನ್ನೊಂದು ಮನೆ ಎತ್ತಿ ಬಾಡಿಗೆಗೆ ಬಿಟ್ಟೆ. ಯಾರೇ ಬರಲಿ, ಮೊದಲೇ ಒಂದು ಮಾತು ಹೇಳಿಬಿಡುತ್ತಿದ್ದೆ: ಸವೆದದ್ದು ನನ್ನ ಖರ್ಚು, ಮುರಿದದ್ದು ನಿಮ್ಮ ಖರ್ಚು. ನಲ್ಲಿಯ ವಾಷರ್ ಸವೆಯಿತೇ, ನನ್ನದು. ಗಾಜು ಒಡೆಯಿತೇ, ನಿಮ್ಮ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ. ಈ ಕಾನೂನಿನ ಬಗ್ಗೆ ನನಗೆ ಭಾರಿ ಜಂಬವಿತ್ತು.

ಹೋದ ವರ್ಷ ಬಂದವನು ಒಬ್ಬ ವ್ಯಾನ್ ಡ್ರೈವರ್. ಒಂದನೇ ತಾರೀಕು ನಾನು ಹಲ್ಲುಜ್ಜುವ ಮೊದಲೇ ಬಾಡಿಗೆ ತಂದುಕೊಡುವ ಆಸಾಮಿ. ಅಂಥವನು ಸಿಕ್ಕರೆ ಕಣ್ಣಿಗೊತ್ತಿಕೊಳ್ಳಬೇಕು. ಅವನಿಗಿಂತ ಮೊದಲು ಆ ಮನೆ ಐದು ತಿಂಗಳು ಖಾಲಿ ಬಿದ್ದಿತ್ತು.

ಮೂರನೇ ತಿಂಗಳು ಅವನ ಹೆಂಡತಿ ಮೆಟ್ಟಿಲಿಳಿದು ಬಂದಳು. ತುಟಿ ಊದಿತ್ತು.

"ಅಣ್ಣಾ, ಬಚ್ಚಲು ಬಾಗಿಲಿನ ಒಳಚಿಲಕ ಬಿದ್ದೋಗಿದೆ. ಸವೆದು ಬಿದ್ದಿದ್ದು."

ಹೋಗಿ ನೋಡಿದೆ. ಸವೆದ ಚಿಲಕ ಸಡಿಲವಾಗಿ ತೂಗಾಡುತ್ತದೆ. ಇದರ ಸ್ಕ್ರೂಗಳು ಮರದ ಸಿಬಿರನ್ನೂ ಕಿತ್ತುಕೊಂಡು ಬಂದಿದ್ದವು. ಬಾಗಿಲಿನ ಹೊರಮೈಯಲ್ಲಿ ಬೂಟಿನ ಗುರುತು. ಬಡಗಿಗೆ ಇಷ್ಟೂ ಗೊತ್ತಾಗುವುದಿಲ್ಲವೇ? ಆದರೆ ಮುರಿದದ್ದು ಅಂದರೆ ಅವನನ್ನು ಕೇಳಬೇಕು; ಕೇಳಿದರೆ ಮನೆ ಖಾಲಿ. ಸವೆದದ್ದೇ ಎಂದು ತಲೆಯಾಡಿಸಿ ಹೊಸದು ಹಾಕಿದೆ.

ಎರಡನೆಯದು ಆರು ವಾರಕ್ಕೆ ಹೋಯಿತು. ಮೂರನೆಯದು ಒಂದೇ ತಿಂಗಳಿಗೆ. ಆಗ ಅವಳ ಎಡಗಣ್ಣು ಬಾತು ಮುಚ್ಚಿಹೋಗಿತ್ತು.

"ಇದೂ ಸವೆದಿದ್ದೇನಮ್ಮಾ?"

"ಹೂಂ ಅಣ್ಣಾ. ಈ ಸಲ ಸ್ವಲ್ಪ ಗಟ್ಟೀದು ಹಾಕಿ."

"ನಾಳೆ ಹಾಕ್ತೀನಿ."

ಹಾಕಲಿಲ್ಲ. ಇಬ್ಬರೇ ಇರುವ ಮನೆ, ಬಚ್ಚಲಿಗೆ ಚಿಲಕ ಯಾಕೆ, ದಂಡ ಎಂದುಕೊಂಡೆ. ನನ್ನ ಹೆಂಡತಿ ಎರಡು ಸಲ ನೆನಪಿಸಿದಳು.

"ಗಂಡ ಹೆಂಡ್ತಿ ವಿಷ್ಯಕ್ಕೆ ನಾವ್ಯಾಕೆ ತಲೆ ಹಾಕೋದು? ಸುಮ್ನಿರೇ" ಎಂದು ಗದರಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಒಂಬತ್ತನೆಯ ದಿನ ಮಧ್ಯಾಹ್ನ ಕೆಳಗೆ ಕಿಟಕಿಯ ಚೌಕಟ್ಟು ಕೂಡಿಸುತ್ತಿದ್ದೆ. ಮೇಲೆ ಪಾತ್ರೆ ಬಿದ್ದ ಸದ್ದು, ಓಡುವ ಹೆಜ್ಜೆಗಳು, ಬಚ್ಚಲು ಬಾಗಿಲು ದಡಾರನೆ ಮುಚ್ಚಿದ್ದು. ಹಿಂದೆಲ್ಲ ಇದಾದ ಮೇಲೆ ಒದೆತ ಕೇಳುತ್ತಿತ್ತು. ಹತ್ತೋ ಹದಿನೈದೋ ಒದ್ದು, ಚಿಲಕ ಕಿತ್ತುಬರುವಷ್ಟರಲ್ಲಿ ಅವನ ಸಿಟ್ಟೂ ಇಳಿದು, ಬೈದುಕೊಂಡು ಹೊರಟುಹೋಗುತ್ತಿದ್ದ. ಆ ದಿನ ಒಂದೂ ಒದೆತ ಕೇಳಲಿಲ್ಲ. ನೇರವಾಗಿ ಅವಳ ಚೀತ್ಕಾರ ಕೇಳಿತು.

ಅಯ್ಯೋ ದೇವರೇ! ಕೈಯಲ್ಲಿದ್ದ ಮರದ ಕೊಡತಿ ಹಿಡಿದೇ ಮೆಟ್ಟಿಲು ಹಾರಿದೆ. ಅವನು ಅವಳ ಕೂದಲು ಹಿಡಿದು ಮುಖವನ್ನು ನಲ್ಲಿಗೆ ಅಪ್ಪಳಿಸುತ್ತಿದ್ದ. ಬಿಳಿ ಟೈಲ್ಸಿನ ಮೇಲೆಲ್ಲ ರಕ್ತ.

"ಬಿಡೋ ಅವಳನ್ನ!"

ಅವನು ತಿರುಗಿ ನೋಡಿ ಏದುಸಿರು ಬಿಡುತ್ತಾ ಹೇಳಿದ: "ಓನರ್ರೇ, ಇದು ನಮ್ಮನೆ ವಿಷ್ಯ. ಬಾಡಿಗೆ ಸರಿಯಾಗಿ ಕೊಡ್ತಿಲ್ವಾ?"

ಕೊಡತಿ ಬೀಸಿದೆ. ಅವನ ಮೊಣಕೈ ಲಟಕ್ಕೆಂದಿತು. ಅವಳನ್ನು ಬಿಟ್ಟು ಇನ್ನೊಂದು ಕೈಯಲ್ಲಿ ನನ್ನ ಕತ್ತು ಹಿಡಿದು ಮುಖವನ್ನು ಗೋಡೆಗೆ ಗುದ್ದಿದ. ನನ್ನ ಎರಡು ಹಲ್ಲು ಬಾಯೊಳಗೇ ಉದುರಿದವು. ಮತ್ತೆ ಬೀಸಿದೆ, ಮಂಡಿಗೆ. ಬಿದ್ದ. ಬಿದ್ದವನಿಗೂ ಹೊಡೆದೆ, ಪಕ್ಕೆಗೆ, ಭುಜಕ್ಕೆ, ಸಿಕ್ಕಲ್ಲಿಗೆ. ಅವನ ಮೇಲಿನ ಸಿಟ್ಟು ಅದರಲ್ಲಿ ಅರ್ಧವೇ. ಉಳಿದರ್ಧ ಯಾರ ಮೇಲಿನದೆಂದು ಹೊಡೆಯುವಾಗಲೇ ಗೊತ್ತಿತ್ತು. ನನ್ನ ಹೆಂಡತಿ ಬಂದು ಕೊಡತಿ ಕಿತ್ತುಕೊಳ್ಳದಿದ್ದರೆ ಕೊಂದೇಬಿಡುತ್ತಿದ್ದೆ.

ಪೊಲೀಸರು ಅವನನ್ನೂ ನನ್ನನ್ನೂ ಕರೆದೊಯ್ದರು. ಜಾಮೀನು ಸಿಕ್ಕ ದಿನವೇ ನಾನು ಆಸ್ಪತ್ರೆಗೆ ಹೋದೆ. ಅವಳ ಜೀವ ಉಳಿದಿತ್ತು, ಎಡಗಣ್ಣು ಉಳಿದಿರಲಿಲ್ಲ. ಮಂಚದ ಪಕ್ಕ ನಿಂತು ಹೇಳಿದೆ: "ತಪ್ಪಾಯ್ತಮ್ಮಾ. ಅದು ಸವೆದಿದ್ದಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಿತ್ತು."

"ನಿಮಗೆ ಗೊತ್ತು ಅಂತ ನಂಗೂ ಗೊತ್ತಿತ್ತು" ಎಂದಳು. ಕಷ್ಟಪಟ್ಟು ತುಟಿ ಅಲ್ಲಾಡಿಸಿದಳು. "ಒಂಬತ್ತು ದಿನ ಕಾದೆ ಅಣ್ಣಾ. ಕೆಳಗೆ ನಿಮ್ಮ ಸುತ್ತಿಗೆ ಸದ್ದು ಕೇಳಿದಾಗೆಲ್ಲ, ಈಗ ಬರ್ತೀರಾ, ಈಗ ಬರ್ತೀರಾ ಅಂದ್ಕೋತಿದ್ದೆ."