ಬಿ.ಸಿ.ರೋಡಿನಲ್ಲಿ ಟೀಚರ ವಿಸಿಲ್

೧೯೮೩ರ ಒಂದು ಬೆಳಗ್ಗೆ ಬೆಳ್ತಂಗಡಿಯ ಶಾಲೆಯೊಂದರ ಡ್ರಿಲ್ ಟೀಚರ್ ರಾಜೀವಿ, ಹತ್ತು ಹುಡುಗಿಯರನ್ನು ಕಟ್ಟಿಕೊಂಡು ಮಂಗಳೂರಿನ ಥ್ರೋಬಾಲ್ ಪಂದ್ಯಕ್ಕೆ ಹೊರಟಿದ್ದಳು. ಹತ್ತು ಗಂಟೆಗೆ ಮೈದಾನದಲ್ಲಿ ಇಲ್ಲದಿದ್ದರೆ ಆಡದೆಯೇ ಸೋಲು. ಎಂಟೂವರೆಗೆ ಅವರ ಬಸ್ಸು ದಾರಿಯ ಬಿ.ಸಿ.ರೋಡ್ ಪೇಟೆಯಲ್ಲಿ ಸಿಕ್ಕಿಬಿತ್ತು. ಕೂಡುರಸ್ತೆಯ ನಟ್ಟನಡುವೆ ಹಂಚಿನ ಲಾರಿಯೊಂದು ಎದುರಿನ ಇನ್ನೊಂದು ಬಸ್ಸಿಗೆ ಮೂತಿಗೆ ಮೂತಿ ಕೊಟ್ಟು ನಿಂತಿತ್ತು. ಕಾಲು ಗಂಟೆ ಕಳೆದರೂ ಯಾವುದೂ ಕದಲಲಿಲ್ಲ.

ರಾಜೀವಿಗೆ ತಡೆಯಲಾಗಲಿಲ್ಲ. ಕೊರಳಿನ ವಿಸಿಲ್ ಹಿಡಿದು ಇಳಿದೇಬಿಟ್ಟಳು.

"ಲಾರಿ ಸ್ವಲ್ಪ ಹಿಂದೆ ತೆಗೆಯಿರಿ!"

"ಹಿಂದೆ ಎಲ್ಲಿ ಜಾಗ ಉಂಟು ಮಾರಾಯ್ರೇ? ಗಾಡಿಗಳ ಸಾಲೇ ಉಂಟು," ಎಂದು ಡ್ರೈವರ್ ಮೂಸಾ ಕೈಚೆಲ್ಲಿದ.

ಹೌದಲ್ಲ! ಹಾಗಾದರೆ ಬಿಡಿಸಬೇಕಾದದ್ದು ಬಾಲದಿಂದ. ಅವಳು ಸೆರಗು ಸಿಕ್ಕಿಸಿ ಸಾಲಿನ ಕೊನೆಗೆ ಓಡಿದಳು. ವಿಸಿಲ್ ಊದಿ ಊದಿ ಮೊದಲು ಕೊನೆಯ ಜೀಪನ್ನು, ಮತ್ತೆ ಕಾರನ್ನು, ಆಮೇಲೆ ಲಾರಿಯ ಹಿಂದಿದ್ದ ಬಸ್ಸನ್ನು ಹಿಂದೆ ಸರಿಸಿದಳು. ಹುಡುಗಿಯರೂ ಇಳಿದು ಬಂದು, ಕೈಕೈ ಹಿಡಿದು ನಿಂತು, ಹೊಸ ಗಾಡಿಗಳು ನುಗ್ಗದಂತೆ ತಡೆದರು. ಮೂಸಾನ ಲಾರಿ ಎರಡು ಮಾರು ಹಿಂದೆ ಬಂದದ್ದೇ ತಡ, ಎದುರಿನ ಬಸ್ಸು ನುಸುಳಿ ಹೋಯಿತು. ಕಟ್ಟೆಯೊಡೆದ ನೀರಿನಂತೆ ರಸ್ತೆ ಹರಿಯತೊಡಗಿತು. ಅಂಗಡಿಯವರು ಚಪ್ಪಾಳೆ ತಟ್ಟಿದರು.

"ನಾಳೆಯೂ ಬನ್ನಿ ಟೀಚರೇ!" ಎಂದು ಮೂಸಾ ಕೂಗಿದ.

ರಾಜೀವಿ ಕೈಬೀಸಿ ಓಡಿದಳು. ಅವರ ಬಸ್ಸು ಆಗಲೇ ಹೊರಟಿತ್ತು. ಹುಡುಗಿಯರು ಹತ್ತಿ, ನಗುತ್ತಾ ಅವಳನ್ನು ಒಳಗೆಳೆದುಕೊಂಡರು.

ಹತ್ತಕ್ಕೆ ಐದು ನಿಮಿಷವಿರುವಾಗ ತಂಡ ಮೈದಾನ ಮುಟ್ಟಿತು. ಪಂದ್ಯ ಸೋತರು, ನಿಜ. ಆದರೆ ಮರಳುವಾಗ ಬಸ್ಸಿನ ತುಂಬ ಬಿ.ಸಿ.ರೋಡಿನದೇ ಮಾತು.